ಗಂಟೆಯ ಜೊತೆಗೆ ಚಿಲಕವೂ ಬೇಕು



ಇಂದು ಶಾಲೆಗೆ ಬಂದ ಮೇಲೆ ನೀವು ಎಷ್ಟು ಸಲ ನೀರು ಕುಡಿದಿರಿ? ಮುಂದೆ ಓದುವ ಮೊದಲು ಒಮ್ಮೆ ನೆನಪಿಸಿಕೊಳ್ಳಿ.

ಫೆಬ್ರವರಿ ಕೊನೆಯ ವಾರ ನಾನು ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಆವಿಯಾಗುವಿಕೆಯ ಪ್ರಯೋಗ ತೋರಿಸುವುದಿತ್ತು. ಮಧ್ಯಾಹ್ನ ಮೂರು ಗಂಟೆ, ಹೊರಗೆ ಸುಡುಬಿಸಿಲು. ಏಳನೆಯ ತರಗತಿಯ ಮಕ್ಕಳನ್ನು ಇದೇ ಪ್ರಶ್ನೆ ಕೇಳಿದೆ. ಹುಡುಗರು ಎರಡು ಸಲ, ಮೂರು ಸಲ ಎಂದು ಕೂಗಿದರು. ಹುಡುಗಿಯರ ಸಾಲಿನಿಂದ ಉತ್ತರ ಬರಲಿಲ್ಲ. ಅವರ ಬಾಟಲಿಗಳು ಮನೆಯಿಂದ ತಂದಂತೆಯೇ ತುಂಬಿದ್ದವು. "ಯಾಕೆ ಕುಡಿದಿಲ್ಲ?" ಎಂದರೆ ಎಲ್ಲರೂ ತಲೆ ತಗ್ಗಿಸಿದರು. ಪಾಠ ಮುಗಿದ ಮೇಲೆ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೀರ್ ಕುಡದ್ರ ಹೊರಗ ಹೋಗಬೇಕಾಗ್ತದ್ರೀ ಟೀಚರ್. ಅಲ್ಲಿ ಬಾಗಲಕ್ಕ ಚಿಲಕ ಇಲ್ರೀ."

ನೀರು ಚೆನ್ನಾಗಿ ಕುಡಿಯಿರಿ ಎಂದು ನಾನು ಎಷ್ಟೋ ಶಾಲೆಗಳಲ್ಲಿ ಹೇಳಿದ್ದೇನೆ. ಚಿಲಕದ ಬಗ್ಗೆ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ನಮ್ಮ ದೇಹಕ್ಕೆ ನೀರು ಏಕೆ ಬೇಕು? ಅಂಗೈಯ ಹಿಂಭಾಗಕ್ಕೆ ಒಂದು ಹನಿ ಸ್ಪಿರಿಟ್ ಹಚ್ಚಿ ಊದಿದರೆ ತಣ್ಣಗಾಗುತ್ತದೆಯಲ್ಲವೇ? ದ್ರವವು ಆವಿಯಾಗುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುತ್ತದೆ. ಬೆವರು ಮಾಡುವ ಕೆಲಸವೂ ಇದೇ. ಬೇಸಿಗೆಯಲ್ಲಿ ದೇಹ ತನ್ನನ್ನು ತಾನು ತಂಪಾಗಿಟ್ಟುಕೊಳ್ಳಲು ನೀರನ್ನು ಖರ್ಚು ಮಾಡುತ್ತಲೇ ಇರುತ್ತದೆ. ಇನ್ನು ಮೂತ್ರಪಿಂಡಗಳ ಕೆಲಸ ನೋಡಿ. ದೊಡ್ಡವರ ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ರಕ್ತಕ್ಕೇ ಹಿಂದಿರುಗಿಸಿ, ಸುಮಾರು ಒಂದೂವರೆ ಲೀಟರಿನಷ್ಟನ್ನು ಮಾತ್ರ ಕಲ್ಮಶಗಳೊಂದಿಗೆ ಮೂತ್ರವಾಗಿ ಹೊರಹಾಕುತ್ತವೆ. ನೀರು ಕಡಿಮೆಯಾದರೆ ತಲೆನೋವು, ಸುಸ್ತು, ಮಲಬದ್ಧತೆ ಬರಬಹುದು, ಪಾಠದ ಕಡೆ ಗಮನ ನಿಲ್ಲದೇ ಹೋಗಬಹುದು.

ಹಾಗಾದರೆ ಎಷ್ಟು ಕುಡಿಯಬೇಕು? "ದಿನಕ್ಕೆ ಎಂಟು ಲೋಟ" ಎಂಬ ಮಾತನ್ನು ನೀವು ಕೇಳಿರಬಹುದು. ಎಲ್ಲರಿಗೂ ಒಂದೇ ಲೆಕ್ಕ ಸರಿಯಲ್ಲ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ 9ರಿಂದ 13 ವರ್ಷದ ಹುಡುಗರಿಗೆ ದಿನಕ್ಕೆ 2.1 ಲೀಟರ್, ಹುಡುಗಿಯರಿಗೆ 1.9 ಲೀಟರ್ ನೀರು ಸಾಕೆಂದು ಹೇಳಿತು. ಇದರಲ್ಲಿ ಅನ್ನ, ಸಾರು, ಹಾಲು, ಮಜ್ಜಿಗೆ, ಹಣ್ಣುಗಳಲ್ಲಿರುವ ನೀರೂ ಸೇರಿದೆ. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ! ಆದರೆ ಆ ಲೆಕ್ಕ ಹದವಾದ ಹವೆಗೆ ಹಾಕಿದ್ದು. ನಮ್ಮ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಆಡುವ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು.

ಅಳೆಯಲು ಒಂದು ಸುಲಭ ದಾರಿಯಿದೆ. ಕ್ಷೀರಭಾಗ್ಯದಲ್ಲಿ ನಿಮಗೆ ಕೊಡುವ ಹಾಲು 150 ಮಿಲಿಲೀಟರ್. ಶಾಲೆಯ ಅವಧಿಯಲ್ಲಿ ಅಂಥ ನಾಲ್ಕು ಅಳತೆ ನೀರು ಕುಡಿದರೆ 600 ಮಿಲಿಲೀಟರ್ ಆಯಿತು. ಒಂದೇ ಸಲ ಗಟಗಟನೆ ಕುಡಿಯಬೇಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಯಿರಿ. ಸಾಕಾಯಿತೇ ಎಂದು ತಿಳಿಯಲು ಮೂತ್ರದ ಬಣ್ಣ ಗಮನಿಸಿ. ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿ ಇದ್ದರೆ ದೇಹ ಇನ್ನಷ್ಟು ನೀರು ಕೇಳುತ್ತಿದೆ ಎಂದು ಅರ್ಥ.

ಇನ್ನು ತಡೆದುಕೊಳ್ಳುವ ಅಭ್ಯಾಸ. ಮೂತ್ರ ಹೊರಹೋಗುವಾಗ ಆ ದಾರಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನೂ ತೊಳೆದುಕೊಂಡು ಹೋಗುತ್ತದೆ. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದುಕೊಂಡರೆ ಅವು ಅಲ್ಲಿಯೇ ಬೆಳೆದು ಸೋಂಕು ಉಂಟಾಗುವ ಅಪಾಯ ಹೆಚ್ಚುತ್ತದೆ. ಹೆಣ್ಣುಮಕ್ಕಳಲ್ಲಿ ಮೂತ್ರ ಹೊರಹೋಗುವ ನಾಳ ಗಿಡ್ಡವಾಗಿರುವುದರಿಂದ ಅವರಿಗೆ ಈ ಸೋಂಕು ಬೇಗ ತಗಲುತ್ತದೆ. ಉರಿ, ನೋವು, ಜ್ವರ ಕಂಡರೆ ನಾಚಿಕೊಳ್ಳದೆ ಅಮ್ಮನಿಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

2019ರಲ್ಲಿ ಕೇರಳದ ಶಾಲೆಗಳಲ್ಲಿ 'ವಾಟರ್ ಬೆಲ್', ಅಂದರೆ ನೀರಿನ ಗಂಟೆ, ಶುರುವಾಯಿತು. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ಅದೇ ವರ್ಷ ನಮ್ಮ ರಾಜ್ಯದಲ್ಲೂ ಅದನ್ನು ತರಲು ಹೇಳಲಾಯಿತು. ಒಳ್ಳೆಯ ಕ್ರಮವೇ. ಆದರೆ ನನ್ನ ಅಭಿಪ್ರಾಯದಲ್ಲಿ ಗಂಟೆಯೊಂದೇ ಸಾಲದು. ಬಾಗಿಲಿಗೆ ಚಿಲಕ, ಒಳಗೆ ಬಕೆಟ್ಟಿನಲ್ಲಿ ನೀರು ಇಲ್ಲದ ಶಾಲೆಯಲ್ಲಿ ನೂರು ಸಲ ಗಂಟೆ ಬಾರಿಸಿದರೂ ಆ ಹುಡುಗಿಯ ಬಾಟಲಿ ಖಾಲಿಯಾಗುವುದಿಲ್ಲ. ಅದು ಅವಳ ತಪ್ಪಲ್ಲ. ಸುರಕ್ಷಿತ ಕುಡಿಯುವ ನೀರು, ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ ಪ್ರತಿ ಶಾಲೆಯಲ್ಲಿ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ನಮ್ಮ ಶಿಕ್ಷಕರಿಗೂ ಒಂದು ಮಾತು. "ಹೊರಗೆ ಬಿಟ್ಟರೆ ಮಕ್ಕಳು ಪಾಠ ತಪ್ಪಿಸಿಕೊಂಡು ಆಡುತ್ತಾರೆ" ಎಂದು ಹಲವರು ಹೇಳುತ್ತಾರೆ. ಕೆಲವರು ಆಡುವುದು ನಿಜವೇ. ನಾನೂ ಹಿಂದೆ "ಬೆಲ್ ಆಗಲಿ, ಕೂತ್ಕೋ" ಎಂದು ಎಷ್ಟೋ ಮಕ್ಕಳನ್ನು ಗದರಿಸಿದ್ದೇನೆ. ಈಗ ಅದಕ್ಕೆ ಪಶ್ಚಾತ್ತಾಪವಾಗುತ್ತದೆ. ಇಬ್ಬರು ಐದು ನಿಮಿಷ ಆಡಿ ಬಂದರೆ ಆಗುವ ನಷ್ಟಕ್ಕಿಂತ, ಒಬ್ಬಳು ದಿನವಿಡೀ ಬಾಯಾರಿ ಕುಳಿತರೆ ಆಗುವ ನಷ್ಟ ದೊಡ್ಡದು.

ಮಕ್ಕಳೇ, ನೀವೇನು ಮಾಡಬಹುದು? ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ, ಒಬ್ಬರು ಬಾಗಿಲ ಬಳಿ ನಿಲ್ಲಿ. ಹುಡುಗರೇ, ಯಾರಾದರೂ ಹೊರಗೆ ಹೋಗಲು ಕೇಳಿದರೆ ನಗಬೇಡಿ. ಶಾಲಾ ಸಂಸತ್ತಿನ ಸಭೆಯಲ್ಲಿ ಚಿಲಕ, ಬಕೆಟ್, ನೀರು ಈ ಮೂರನ್ನೂ ಪಟ್ಟಿ ಮಾಡಿ ಮುಖ್ಯ ಶಿಕ್ಷಕರಿಗೆ ಕೊಡಿ. ಅಲ್ಲಿ ಆಗದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಕೇಳಿ. ಇದು ಕೇಳಬಾರದ ಮಾತಲ್ಲ.

ಮಾರ್ಚ್‌ನಲ್ಲಿ ನಾನು ಮತ್ತೆ ಆ ಶಾಲೆಗೆ ಹೋದಾಗ ಬಾಗಿಲಿಗೆ ಹೊಸ ಚಿಲಕ ಬಂದಿತ್ತು. ಮುಖ್ಯ ಶಿಕ್ಷಕರು ಸಂತೆಯಿಂದ ತಂದು ತಾವೇ ನಿಂತು ಹಾಕಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯರ ಬಾಟಲಿಗಳು ಅರ್ಧಕ್ಕಿಳಿದಿದ್ದವು. ನಿಮ್ಮ ಶಾಲೆಯ ಬಾಗಿಲನ್ನು ಇಂದೇ ಹೋಗಿ ನೋಡಿ.