ವಿದ್ಯುತ್ ಕಂಪನ ಚಿಕಿತ್ಸೆ: ಕಾನೂನು ಬದಲಾಯಿತು, ಭೀತಿ ಉಳಿಯಿತು

ಬೆಂಗಳೂರಿನಲ್ಲಿ ಯಾರಾದರೂ ತುಸು ವಿಚಿತ್ರವಾಗಿ ವರ್ತಿಸಿದರೆ 'ನಿಮ್ಹಾನ್ಸ್‌ಗೆ ಸೇರಿಸಿ, ಕರೆಂಟ್ ಕೊಡಿಸಿ' ಎಂದು ಗೇಲಿ ಮಾಡುವುದು ಹಳೆಯ ರೂಢಿ. ವಿದ್ಯಾರ್ಥಿಗಳೇ ತುಂಬಿರುವ ಜ್ಞಾನಭಾರತಿಯಂತಹ ಪ್ರದೇಶವೂ ಇದಕ್ಕೆ ಹೊರತಲ್ಲ. ವಿಪರ್ಯಾಸವೆಂದರೆ, 1994ರಲ್ಲಿ ನಿಮ್ಹಾನ್ಸ್ ಡೀಮ್ಡ್ ವಿಶ್ವವಿದ್ಯಾಲಯವಾಗುವವರೆಗೆ ಅಲ್ಲಿ ತರಬೇತಿ ಪಡೆದ ಮನೋವೈದ್ಯರಿಗೆ ಪದವಿ ನೀಡುತ್ತಿದ್ದುದು ಇದೇ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ. ತೀವ್ರ ಸ್ವರೂಪದ ಮನೋರೋಗಗಳು ಬಹುಪಾಲು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಹರೆಯದಲ್ಲಿ, ಅಂದರೆ ಕಾಲೇಜು ಓದುವ ವಯಸ್ಸಿನಲ್ಲಿಯೇ ತಲೆದೋರುತ್ತವೆ. ಹೀಗಿರುವಾಗ ಆ ಗೇಲಿಯ ಮಾತು ಕೇವಲ ತಮಾಷೆಯಾಗಿ ಉಳಿಯುವುದಿಲ್ಲ. ನಾಳೆ ವೈದ್ಯರು ತಮ್ಮ ಮಗಳಿಗೋ ತಮ್ಮನಿಗೋ ಈ ಚಿಕಿತ್ಸೆಯನ್ನು ಸೂಚಿಸಿದಾಗ, ಕುಟುಂಬವೊಂದು ನೀಡುವ ಉತ್ತರವನ್ನು ಅದು ಇಂದೇ ನಿರ್ಧರಿಸಿಬಿಟ್ಟಿರುತ್ತದೆ.

ವೈದ್ಯಕೀಯ ಪರಿಭಾಷೆಯಲ್ಲಿ ಇಸಿಟಿ ಎಂದು ಕರೆಯಲಾಗುವ ವಿದ್ಯುತ್ ಕಂಪನ ಚಿಕಿತ್ಸೆಯನ್ನು 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲ ಬಾರಿಗೆ ಪ್ರಯೋಗಿಸಿದರು. ಆಗ ಮನೋರೋಗಕ್ಕೆ ಪರಿಣಾಮಕಾರಿ ಔಷಧಗಳೇ ಇರಲಿಲ್ಲ. ಕ್ಲೋರ್‌ಪ್ರೊಮಜಿನ್ ಬಂದದ್ದು 1952ರಲ್ಲಿ. ಆರಂಭದ ವರ್ಷಗಳಲ್ಲಿ ಅರಿವಳಿಕೆ ನೀಡದೆ, ರೋಗಿಯ ಕೈಕಾಲುಗಳನ್ನು ನಾಲ್ಕಾರು ಜನ ಹಿಡಿದುಕೊಂಡು ಈ ಚಿಕಿತ್ಸೆ ನೀಡಲಾಗುತ್ತಿತ್ತು. ಸೆಳೆತದ ರಭಸಕ್ಕೆ ಮೂಳೆ ಮುರಿದ ಪ್ರಸಂಗಗಳೂ ಇದ್ದವು. ಆಸ್ಪತ್ರೆಗಳಲ್ಲಿ ಇದು ಶಿಕ್ಷೆಯಂತೆ ಬಳಕೆಯಾದದ್ದೂ ಉಂಟು. ಇಂದಿಗೂ ಜನಮನದಲ್ಲಿ ಅಚ್ಚೊತ್ತಿರುವುದು ಆ ಕಾಲದ ಚಿತ್ರವೇ. 1975ರ ಹಾಲಿವುಡ್ ಚಿತ್ರ 'ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್' ಅದನ್ನು ಜಗತ್ತಿನಾದ್ಯಂತ ಪಸರಿಸಿತು. ಆದ್ದರಿಂದ ಜನರ ಭಯವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಅದಕ್ಕೊಂದು ಇತಿಹಾಸವಿದೆ.

ಇಂದಿನ ವಿಧಾನ ಬೇರೆ. ಖಾಲಿ ಹೊಟ್ಟೆಯಲ್ಲಿ ಬಂದ ರೋಗಿಗೆ ಅರಿವಳಿಕೆ ನೀಡಿ, ಸ್ನಾಯುಗಳನ್ನು ಸಡಿಲಗೊಳಿಸುವ ಚುಚ್ಚುಮದ್ದು ಕೊಡಲಾಗುತ್ತದೆ. ಬಳಿಕ ತಲೆಗೆ ಕೆಲವೇ ಸೆಕೆಂಡುಗಳ ಕಾಲ ನಿಯಂತ್ರಿತ ಪ್ರಮಾಣದ ವಿದ್ಯುತ್ ಹಾಯಿಸಲಾಗುತ್ತದೆ. ಮಿದುಳಿನಲ್ಲಿ ಉಂಟಾಗುವ ಸೆಳೆತ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ದೇಹ ಅಷ್ಟಾಗಿ ಅಲುಗಾಡುವುದಿಲ್ಲ. ಸೆಳೆತವನ್ನು ಗುರುತಿಸಲು ವೈದ್ಯರು ಇಇಜಿ ಯಂತ್ರವನ್ನು ಅವಲಂಬಿಸುತ್ತಾರೆ. ವಾರಕ್ಕೆ ಎರಡು ಮೂರು ಬಾರಿಯಂತೆ ಸಾಮಾನ್ಯವಾಗಿ 6ರಿಂದ 12 ಸಲ ಚಿಕಿತ್ಸೆ ನಡೆಯುತ್ತದೆ. ಆತ್ಮಹತ್ಯೆಯ ಅಪಾಯವಿರುವ ತೀವ್ರ ಖಿನ್ನತೆ, ಅನ್ನ-ನೀರು ಮುಟ್ಟದೆ ಮರಗಟ್ಟಿದಂತೆ ಕುಳಿತುಬಿಡುವ ಕೆಟಟೋನಿಯಾ, ಔಷಧಗಳಿಗೆ ಬಗ್ಗದ ಉನ್ಮಾದ ಮತ್ತು ಸ್ಕಿಜೋಫ್ರೇನಿಯಾ ಇದರ ಪ್ರಮುಖ ಕ್ಷೇತ್ರಗಳು. ತೀವ್ರ ಖಿನ್ನತೆಯಲ್ಲಿ ಔಷಧಗಳಿಗಿಂತ ಇದು ಹೆಚ್ಚು ಪರಿಣಾಮಕಾರಿ ಎಂಬುದನ್ನು 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸಮಗ್ರ ಪರಾಮರ್ಶೆ ದೃಢಪಡಿಸಿತು. ಸಾವಿನ ಸಂಭವ ಒಂದು ಲಕ್ಷ ಚಿಕಿತ್ಸೆಗಳಿಗೆ ಸುಮಾರು ಎರಡು ಎಂಬುದು ಅಂತಾರಾಷ್ಟ್ರೀಯ ಅಂದಾಜು.

ಭಾರತದಲ್ಲಿ ಅರಿವಳಿಕೆರಹಿತ ವಿಧಾನ ಬಹುಕಾಲ ಉಳಿದುಕೊಂಡಿತ್ತು. ಅದನ್ನು ನಿಷೇಧಿಸಬೇಕೆಂದು 'ಸಾರ್ಥಕ್' ಸಂಸ್ಥೆ 2001ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಅದೇ ವರ್ಷ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಬೆಂಕಿಗೆ ಆಹುತಿಯಾದ ದುರಂತವು ದೇಶದ ಮನಸ್ಸಾಕ್ಷಿಯನ್ನು ಕಲಕಿತು. ಆದರೂ ಸ್ಪಷ್ಟ ಕಾನೂನು ಜಾರಿಗೆ ಬಂದದ್ದು 2018ರ ಮೇ 29ರಂದು. ಅಂದು ಜಾರಿಯಾದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್, ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ನೀಡುವುದನ್ನು ನಿಷೇಧಿಸಿದೆ. ರೋಗಿಗಳನ್ನು ಸರಪಳಿಯಿಂದ ಕಟ್ಟಿಹಾಕುವುದನ್ನು ನಿಷೇಧಿಸಿರುವುದೂ ಇದೇ ಸೆಕ್ಷನ್ ಎಂಬುದು ಗಮನಾರ್ಹ. ಅಪ್ರಾಪ್ತ ವಯಸ್ಕರಿಗೆ ಪೋಷಕರ ತಿಳಿವಳಿಕೆಯುಕ್ತ ಒಪ್ಪಿಗೆ ಮತ್ತು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿ ಎರಡೂ ಇಲ್ಲದೆ ಈ ಚಿಕಿತ್ಸೆ ಕೊಡುವಂತಿಲ್ಲ. ತುರ್ತು ಚಿಕಿತ್ಸೆಯ ಹೆಸರಿನಲ್ಲಿಯೂ ಇದನ್ನು ಬಳಸುವಂತಿಲ್ಲ.

ಕಾನೂನು ಇಷ್ಟು ಬದಲಾದ ಮೇಲೂ ಭೀತಿ ಏಕೆ ಕರಗಿಲ್ಲ? ಒಂದು ಕಾರಣ, ಚಿಕಿತ್ಸೆಯ ಪರ ಮಾತನಾಡುವವರು ಅದರ ಬೆಲೆಯನ್ನು ಪೂರ್ತಿಯಾಗಿ ಹೇಳದಿರುವುದು. ಚಿಕಿತ್ಸೆ ಪಡೆದವರ ಅನುಭವಗಳನ್ನು ಆಧರಿಸಿ 2003ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಪರಾಮರ್ಶೆಯೊಂದರ ಪ್ರಕಾರ, ಕನಿಷ್ಠ ಮೂರನೇ ಒಂದು ಭಾಗದಷ್ಟು ಜನ ತಮಗೆ ದೀರ್ಘಕಾಲ ನೆನಪಿನ ನಷ್ಟ ಉಳಿದಿದೆ ಎಂದು ಹೇಳಿದ್ದರು. ಹೊಸ ವಿಷಯಗಳನ್ನು ನೆನಪಿಡುವ ಶಕ್ತಿ ಸಾಮಾನ್ಯವಾಗಿ ಕೆಲ ವಾರಗಳಲ್ಲಿ ಮರಳುತ್ತದೆ. ಆದರೆ ಚಿಕಿತ್ಸೆಗೆ ಮುಂಚಿನ ತಿಂಗಳುಗಳ ಕೆಲವು ನೆನಪುಗಳು ಮರಳದೆಯೂ ಇರಬಹುದು. ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಇಸಿಟಿ ರೋಗವನ್ನು ಬೇರುಸಹಿತ ಕೀಳುವುದೂ ಇಲ್ಲ. 2001ರ ಅಮೆರಿಕದ ಅಧ್ಯಯನವೊಂದರಲ್ಲಿ, ಇಸಿಟಿಯಿಂದ ಗುಣಮುಖರಾದ ಬಳಿಕ ಔಷಧವಿಲ್ಲದೆ ಉಳಿದವರಲ್ಲಿ ಶೇ. 84ರಷ್ಟು ಜನರಿಗೆ ಆರು ತಿಂಗಳೊಳಗೆ ಖಿನ್ನತೆ ಮರುಕಳಿಸಿತ್ತು. ಲಿಥಿಯಂ ಸಹಿತ ಎರಡು ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ. 39ಕ್ಕೆ ಇಳಿದಿತ್ತು. 'ಕರೆಂಟ್ ಕೊಡಿಸಿದರೂ ಪ್ರಯೋಜನವಾಗಲಿಲ್ಲ' ಎಂಬ ಮನೆಮಂದಿಯ ದೂರಿನ ಹಿಂದೆ ಎಷ್ಟೋ ಬಾರಿ ಈ ಸತ್ಯ ಅಡಗಿರುತ್ತದೆ. ಮೊದಲೇ ತಿಳಿಸಿದ್ದರೆ ಅವರು ಮಾತ್ರೆ ನಿಲ್ಲಿಸುತ್ತಿರಲಿಲ್ಲ.

ಇನ್ನೊಂದು ಕಾರಣ ಅಸಮಾನತೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಮಾತ್ರೆಗಳನ್ನು ತಾಲ್ಲೂಕು ಮಟ್ಟಕ್ಕೆ ಒಯ್ಯಲು ಆ ಮಾದರಿಗೆ ಸಾಧ್ಯವಾಯಿತು. ಆದರೆ ಇಸಿಟಿಗೆ ಅರಿವಳಿಕೆ ತಜ್ಞರು ಬೇಕು, ಆಮ್ಲಜನಕ ಬೇಕು, ಚೇತರಿಕೆ ಕೊಠಡಿ ಬೇಕು. ಸಣ್ಣ ಊರುಗಳಲ್ಲಿ ಅರಿವಳಿಕೆ ತಜ್ಞರು ಸಿಗುವುದಿಲ್ಲವಾದ್ದರಿಂದ ಅಪರೂಪದ ಸಂದರ್ಭಗಳಲ್ಲಿ ಹಳೆಯ ವಿಧಾನಕ್ಕೆ ಅವಕಾಶವಿರಬೇಕೆಂದು ಭಾರತೀಯ ಮನೋವೈದ್ಯರ ಸಂಘದ ಕಾರ್ಯಪಡೆ 2012ರಲ್ಲಿ ವಾದಿಸಿತ್ತು. ಸಂಸತ್ತು ಆ ವಾದವನ್ನು ಒಪ್ಪಲಿಲ್ಲ. ನಿಷೇಧ ಸರಿಯಾದದ್ದೇ. ಆದರೆ ತಜ್ಞರ ಕೊರತೆಯನ್ನು ನೀಗಿಸುವ ಹೊಣೆ ಸರಕಾರದ ಮೇಲಿದೆ. ಅದನ್ನು ನಿಭಾಯಿಸದಿದ್ದರೆ ಸುರಕ್ಷಿತ ಚಿಕಿತ್ಸೆ ನಗರವಾಸಿಗಳ ಸವಲತ್ತಾಗಿ ಉಳಿಯುತ್ತದೆ.

ಕನ್ನಡಿಗರಿಗೆ ಈ ವಿಷಯದ ಮತ್ತೊಂದು ಮುಖ ಚಿರಪರಿಚಿತ. ತ್ರಿವೇಣಿಯವರ 'ಶರಪಂಜರ' ಕಾದಂಬರಿ 1971ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದಲ್ಲಿ ತೆರೆಗೆ ಬಂತು. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗುವ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಮರಳುತ್ತಾಳೆ. ಅವಳನ್ನು ಮತ್ತೆ ಕುಸಿಯುವಂತೆ ಮಾಡುವುದು ಮನೆಯವರ ಮತ್ತು ನೆರೆಹೊರೆಯವರ ಅನುಮಾನದ ನೋಟ. 'ಬಾಣಂತಿ ಸನ್ನಿ' ಎಂದು ಹಿಂದಿನವರು ಕರೆಯುತ್ತಿದ್ದ ಈ ಕಾಯಿಲೆ ತೀವ್ರವಾದಾಗ ಇಸಿಟಿ ಬೇಗ ಫಲ ನೀಡುವ ಚಿಕಿತ್ಸೆಗಳಲ್ಲೊಂದು. ಇಂತಹ ತಾಯಂದಿರನ್ನು ಮಗುವಿನೊಂದಿಗೇ ದಾಖಲಿಸಿಕೊಳ್ಳುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ವೈದ್ಯಶಾಸ್ತ್ರ ಇಷ್ಟು ದೂರ ಸಾಗಿದೆ. ಆದರೆ 'ಶಾಕ್ ಕೊಡಿಸಿಕೊಂಡವಳು' ಎಂಬ ಹಣೆಪಟ್ಟಿಗೆ ಹೆದರಿ ಚಿಕಿತ್ಸೆಯನ್ನೇ ಮುಂದೂಡುವ ಮನೆಗಳು ಇನ್ನೂ ಇವೆ. ಅನ್ನ ಬಿಟ್ಟ ರೋಗಿಯ ವಿಷಯದಲ್ಲಿ ಅಂತಹ ವಿಳಂಬ ಪ್ರಾಣಕ್ಕೇ ಎರವಾಗಬಲ್ಲದು.

ಹಾಗಾದರೆ ಭೀತಿಯನ್ನು ಕಳೆಯುವ ಬಗೆ ಯಾವುದು? ಚಿಕಿತ್ಸೆಯ ಗುಣಗಾನದಿಂದ ಅದು ಸಾಧ್ಯವಿಲ್ಲ. ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯನ್ನಾಗಿಸುವುದೊಂದೇ ದಾರಿ. ಇದಕ್ಕೆ 2017ರ ಕಾಯ್ದೆಯಲ್ಲಿಯೇ ಸಾಧನವಿದೆ. ಅದರ 5ನೇ ಸೆಕ್ಷನ್ ಪ್ರಕಾರ ಯಾವುದೇ ವಯಸ್ಕ ವ್ಯಕ್ತಿ, ಮುಂದೆ ತನಗೆ ಮನೋರೋಗ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಸ್ವಸ್ಥವಾಗಿರುವಾಗಲೇ ಬರೆದಿಡಬಹುದು. ತನ್ನ ಪರವಾಗಿ ನಿರ್ಧರಿಸಲು ನಾಮನಿರ್ದೇಶಿತ ಪ್ರತಿನಿಧಿಯನ್ನೂ ಹೆಸರಿಸಬಹುದು. ಇಸಿಟಿಯಿಂದ ಒಮ್ಮೆ ಗುಣವಾದವರು 'ಮತ್ತೆ ಅಗತ್ಯ ಬಿದ್ದರೆ ಕೊಡಿ' ಎಂದು ಬರೆಯಬಹುದು. ನೆನಪು ಕಳೆದುಕೊಂಡು ನೊಂದವರು 'ಬೇಡ' ಎಂದೂ ಬರೆಯಬಹುದು. ವೈದ್ಯರಿಗಾಗಲಿ ಬಂಧುಗಳಿಗಾಗಲಿ ಇದಕ್ಕೆ ತಕರಾರಿದ್ದರೆ ಪರಿಶೀಲನಾ ಮಂಡಳಿಯ ಮುಂದೆ ಹೋಗಬೇಕೇ ಹೊರತು ತಾವೇ ಅದನ್ನು ಮೀರುವಂತಿಲ್ಲ. ರೋಗಿಯ ಮಾತಿಗೆ ಬೆಲೆಯೇ ಇಲ್ಲವೆಂಬ ಹಳೆಯ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇರೊಂದಿಲ್ಲ. ಕಾಯ್ದೆ ಬಂದು ವರ್ಷಗಳೇ ಕಳೆದರೂ ಈ ಹಕ್ಕಿನ ಅರಿವು ಮಾತ್ರ ವ್ಯಾಪಕವಾಗಿಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿರಬೇಕು. ನೆನಪಿನ ನಷ್ಟ, ಮರುಕಳಿಕೆ, ಪರ್ಯಾಯ ಚಿಕಿತ್ಸೆ ಮೂರನ್ನೂ ಅದು ಮುಚ್ಚುಮರೆಯಿಲ್ಲದೆ ಹೇಳಬೇಕು. ಚಿಕಿತ್ಸೆಗೆ ಮುನ್ನ ಮತ್ತು ನಂತರ ಸ್ಮರಣಶಕ್ತಿಯನ್ನು ಅಳೆದು ದಾಖಲಿಸಬೇಕು. ಜಿಲ್ಲಾ ಆಸ್ಪತ್ರೆಗಳ ಅರಿವಳಿಕೆ ತಜ್ಞರ ಸಮಯದಲ್ಲಿ ಮನೋವೈದ್ಯ ವಿಭಾಗಕ್ಕೂ ಪಾಲು ಸಿಗಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರ ಬಗ್ಗೆ ಹಾಸ್ಟೆಲ್‌ಗಳಲ್ಲಿ ಫಲಕ ಹಾಕುವಾಗ, ಮುಂಗಡ ನಿರ್ದೇಶನದ ಹಕ್ಕಿನ ಬಗ್ಗೆಯೂ ನಾಲ್ಕು ಸಾಲು ಬರೆಯಬಹುದು. ಮನೋವೈದ್ಯರಿಗೆ ಪದವಿ ನೀಡಿದ ವಿಶ್ವವಿದ್ಯಾಲಯದ ಆವರಣದಿಂದಲೇ ಆ ಕೆಲಸ ಆರಂಭವಾದರೆ ಅದಕ್ಕೊಂದು ಔಚಿತ್ಯವೂ ಇರುತ್ತದೆ.