ಇಂಡಿಯಾ ಹೆಸರಿನ ಬಿಯರು, ಓಕ್ ಮರದ ರುಚಿ, ನಮ್ಮ 90 ಎಂ.ಎಲ್. ಪ್ಯಾಕೆಟ್

ಬಾಟಲಿಯ ಮೇಲೆ ಇಂಡಿಯಾ ಅಂತ ಇದೆ. ಬಂದಿರುವುದು ಸ್ಕಾಟ್ಲೆಂಡಿನಿಂದ. ಒಳಗಿನ ಬಾರ್ಲಿ ನಮ್ಮದಲ್ಲ, ನೀರು ನಮ್ಮದಲ್ಲ, ಕಹಿಗೆ ಹಾಕುವ ಹಾಪ್ಸ್ ಹೂವೂ ನಮ್ಮದಲ್ಲ. ಇದಕ್ಕೆ ರುಚಿ ಕೊಟ್ಟ ಓಕ್ ಮರವಂತೂ ನಮ್ಮ ಸೀಮೆಯಲ್ಲಿ ಬೆಳೆಯುವುದೇ ಇಲ್ಲ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ ಅನ್ನಬೇಡಿ. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಮರ, ಹೆಸರು ಮಾತ್ರ ಓಕ್.

ಇಂಡಿಯಾ ಪೇಲ್ ಏಲ್, ಚಿಕ್ಕದಾಗಿ ಐಪಿಎ. ಬೆಂಗಳೂರಿನ ಪಬ್‌ಗಳಲ್ಲಿ ಈಗ ಈ ಹೆಸರು ಸಾಮಾನ್ಯ. ಅದನ್ನು ಓಕ್ ಮರದ ಜೊತೆ ಹಣ್ಣಾಗಿಸಿದರೆ ಓಕ್ ಏಜ್ಡ್ ಐಪಿಎ. ಹಳ್ಳಿಯಲ್ಲಿ ಕೂತು ಓದುವವರಿಗೆ ಈ ಕಥೆ ಯಾಕೆ ಅಂತ ಕೇಳಬಹುದು. ಕುಡಿಯಿರಿ ಅಂತ ಹೇಳಲು ಬರೆಯುತ್ತಿಲ್ಲ. ಓಕ್ ಮರದ ಹೆಸರಿನಲ್ಲಿ ನಡೆಯುವ ವ್ಯಾಪಾರ ನಮ್ಮ ಊರಿನ ಅಂಗಡಿಯವರೆಗೂ ಬಂದಿದೆ. ಅದು ಹೇಗೆ ಅಂತ ಹೇಳುವ ಮೊದಲು ರುಚಿಯ ವಿಷಯ ಮುಗಿಸುತ್ತೇವೆ.

ನಮ್ಮ ಬಳಗದ ಒಬ್ಬರ ಅಣ್ಣ ಎಡಿನ್‌ಬರಾದಲ್ಲಿ ಕೆಲಸದಲ್ಲಿದ್ದಾರೆ. ರಜೆಗೆ ಬಂದಾಗ ಇನಿಸ್ ಅಂಡ್ ಗನ್ ಕಂಪನಿಯ ಎರಡು ಬಾಟಲಿ ತಂದರು, ಒಂದೊಂದರಲ್ಲಿ 330 ಎಂ.ಎಲ್. ನಾವು ನಾಲ್ಕು ಜನ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟೆವು. ತೀರಾ ತಣ್ಣಗಿದ್ದರೆ ನಾಲಗೆ ಮರಗಟ್ಟಿ ಯಾವ ರುಚಿಯೂ ತಿಳಿಯುವುದಿಲ್ಲ. ಸ್ಟೀಲ್ ಲೋಟ ಬದಿಗಿಟ್ಟು ಗಾಜಿನ ಲೋಟಕ್ಕೆ ಸುರಿದೆವು.

ಬಣ್ಣ ನೋಡಿದರೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೆಂಬಿನದು. ನೊರೆ ಕಡಿಮೆ, ಬೇಗ ಇಳಿಯಿತು. ಮೂಗಿನ ಹತ್ತಿರ ಹಿಡಿದಾಗ ಮೊದಲು ಬಂದದ್ದು ಚಕ್ಕೋತದ ಸಿಪ್ಪೆ ಸುಲಿಯುವಾಗಿನ ವಾಸನೆ. ದೇವನಹಳ್ಳಿ ಚಕ್ಕೋತ ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಹಿಂದೆಯೇ ಇನ್ನೊಂದು ವಾಸನೆ, ಅದನ್ನು ಗುರುತಿಸಲು ನಮಗೆ ಒಂದು ನಿಮಿಷ ಬೇಕಾಯಿತು. ತಿಪಟೂರು ಕಡೆಯವರೊಬ್ಬರು ನಮ್ಮಲ್ಲಿದ್ದಾರೆ, ಅವರೇ ಹೇಳಿದರು: ಕೊಬ್ಬರಿ. ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯ ವಾಸನೆ. ಜೊತೆಗೆ ಜಾತ್ರೆಯ ಐಸ್‌ಕ್ರೀಮಿನ ವೆನಿಲಾ.

ಬಾಯಿಗೆ ಬಂದಾಗ ಮೊದಲು ಸಿಹಿ, ಬೆಲ್ಲದ ಪಾಕ ಎಳೆ ಬರುವ ಮುಂಚಿನ ಸಿಹಿ. ನಡುವೆ ಕಹಿ. ಬೇವಿನ ಕಹಿಯಲ್ಲ, ಹಾಗಲಕಾಯಿ ಗೊಜ್ಜಿನ ಕಹಿ. ಕೊನೆಗೆ ನಾಲಗೆಯ ಎರಡೂ ಬದಿ ಹಿಡಿದುಕೊಳ್ಳುವ ಒಗರು. ಅಡಿಕೆ ಬೇಯಿಸಿದ ಚೊಗರನ್ನು ಬೆರಳಲ್ಲಿ ಅದ್ದಿ ನೆಕ್ಕಿದವರಿಗೆ ಅದು ಗೊತ್ತು.

ಇದರಲ್ಲಿ ಯಾವುದು ಎಲ್ಲಿಂದ ಬಂತು ಅನ್ನುವುದು ಕುತೂಹಲದ ವಿಷಯ. ನಾವು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುವ ಹಾಗೆ ಅವರು ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಬೆಲ್ಲದ ಪಾಕದ ಸಿಹಿ ಅಲ್ಲಿಂದ. ಕಹಿ ಮತ್ತು ಚಕ್ಕೋತ ಎರಡೂ ಹಾಪ್ಸ್ ಹೂವಿನವು. ಈ ಚಕ್ಕೋತದಂಥ ವಾಸನೆ ಹಳೆಯ ಇಂಗ್ಲಿಷ್ ಐಪಿಎಯ ಗುರುತಲ್ಲ. ಅಮೆರಿಕದಲ್ಲಿ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ 1972ರಲ್ಲಿ ಬೆಳೆಗಾರರ ಕೈಗೆ ಬಂದ ಮೇಲೆ, ಅಲ್ಲಿನ ಸಣ್ಣ ಬಿಯರ್ ತಯಾರಕರು ಐಪಿಎಗೆ ಹೊಸ ಜೀವ ಕೊಟ್ಟಾಗ ಅಂಟಿಕೊಂಡ ಗುಣ. ಕೊಬ್ಬರಿ, ವೆನಿಲಾ, ಚೊಗರು ಈ ಮೂರೂ ಮರದ್ದು. ಓಕ್ ಮರದಲ್ಲಿ ಲ್ಯಾಕ್ಟೋನ್ ಎಂಬ ಎಣ್ಣೆಯಂಥ ಅಂಶವಿದೆ, ಅದೇ ಕೊಬ್ಬರಿ ವಾಸನೆ. ಅಮೆರಿಕದ ಓಕ್‌ನಲ್ಲಿ ಅದು ಜಾಸ್ತಿ. ಮರದ ಹಲಗೆಯನ್ನು ಬೆಂಕಿಗೆ ಒಡ್ಡಿ ಕಾಯಿಸಿದಾಗ ವೆನಿಲಾ ಬೀನ್ಸಿನಲ್ಲಿರುವ ವೆನಿಲಿನ್ನೇ ಅಲ್ಲೂ ಹುಟ್ಟುತ್ತದೆ. ಚೊಗರು ಎಂದರೆ ಟ್ಯಾನಿನ್, ಅಡಿಕೆಯಲ್ಲೂ ಅದೇ.

ನಮ್ಮ ತೀರ್ಮಾನ ಏನು ಅಂದರೆ, ಬಿಯರ್ ಚೆನ್ನಾಗಿದೆ, ಆದರೆ ಮರ ಜಾಸ್ತಿಯಾಗಿದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಬೇಕು, ನಿಜ. ಕಹಿಯೇ ಕಾಣದಷ್ಟು ಬೆಲ್ಲ ಹಾಕಿದರೆ ಹಾಗಲಕಾಯಿ ಯಾಕೆ, ಕುಂಬಳಕಾಯಿ ಸಾಕಲ್ಲ? ಐಪಿಎ ಎಂದರೆ ಕಹಿ. ಕೊಬ್ಬರಿ ಮತ್ತು ವೆನಿಲಾ ಬಂದು ಆ ಕಹಿಯ ಮೇಲೆ ಕಂಬಳಿ ಹೊದಿಸಿದ ಹಾಗಾಗಿದೆ. ನಮ್ಮಲ್ಲಿ ಇಬ್ಬರಿಗೆ ಅದೇ ಹಿಡಿಸಿತು, ಮೊದಲ ಸಲ ಕುಡಿಯುವವರಿಗೆ ಇದು ಸುಲಭ ಅಂದರು. ಇಬ್ಬರಿಗೆ ಹಿಡಿಸಲಿಲ್ಲ. ಈ ಲೇಖನದ ಮಟ್ಟಿಗೆ ಹಿಡಿಸದವರ ಮಾತೇ ನಡೆಯಿತು.

ಪಕ್ಕದ ಮನೆಯ ತಾತನಿಗೂ ಒಂದು ಗುಟುಕು ಕೊಟ್ಟೆವು. ಒಂದು ಕಾಲದಲ್ಲಿ ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಬಾಯಲ್ಲಿಟ್ಟುಕೊಂಡು, ನಿಧಾನಕ್ಕೆ ನುಂಗಿ, “ಕಹಿ ಏನೋ ಚೆಂದಾಗೈತೆ ಕಣ್ರಪ್ಪ. ಮರ ಯಾಕೆ ಹಾಕವ್ರೆ?” ಅಂದರು. ಹಾಗಂದರೆ ಏನು ತಾತ ಅಂತ ಕೇಳಿದಾಗ ಹೇಳಿದ್ದು: ಹೊಸ ಮಡಕೆಗೆ ಹೆಂಡ ಹಾಕಿದರೆ ಮಣ್ಣಿನ ವಾಸನೆ ಹಿಡಿಯುತ್ತದೆ, ಕುಡಿಯುವವರು ಬೈಯುತ್ತಾರೆ. ಅದಕ್ಕೆ ಮಡಕೆಯನ್ನು ಮೊದಲು ಹದ ಮಾಡಿ, ವಾಸನೆ ಹೋಗಿಸಿ, ಆಮೇಲೆ ಬಳಸುತ್ತಿದ್ದರು. ಮಡಕೆ ಇರುವುದು ಹೆಂಡ ಹಿಡಿದಿಡಲು, ರುಚಿ ಕೊಡಲು ಅಲ್ಲ.

ತಾತ ಹೇಳಿದ ಈ ಮಾತನ್ನೇ ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಬಿಯರ್ ತಯಾರಕರೂ ಹೇಳುತ್ತಿದ್ದರು.

ಆಗ ಬಿಯರ್ ತುಂಬಲು ಸ್ಟೀಲ್ ಡ್ರಮ್ ಇರಲಿಲ್ಲ, ಇದ್ದದ್ದು ಮರದ ಪೀಪಾಯಿ. ಓಕ್ ಯಾಕೆ ಅಂದರೆ ಅದು ಗಟ್ಟಿ, ಬಾಗಿಸಬಹುದು, ಅದರ ಒಳಗಿನ ಸಣ್ಣ ಕೊಳವೆಗಳು ತಾವೇ ಮುಚ್ಚಿಕೊಳ್ಳುವುದರಿಂದ ಸೋರುವುದಿಲ್ಲ. ರುಚಿಗಾಗಿ ಯಾರೂ ಓಕ್ ಆರಿಸಲಿಲ್ಲ. ರುಚಿ ಬಿಡದ ಓಕ್ ಹುಡುಕಿಕೊಂಡು ಹೋಗುತ್ತಿದ್ದರು. ಬಾಲ್ಟಿಕ್ ಸಮುದ್ರದ ಮೇಮೆಲ್ ಬಂದರಿನಿಂದ, ಅಂದರೆ ಈಗಿನ ಲಿಥುವೇನಿಯಾದಿಂದ, ಬರುವ ಓಕ್‌ಗೆ ಬೇಡಿಕೆ ಇದ್ದದ್ದು ಅದು ಬಿಯರಿಗೆ ವಾಸನೆ ಹಿಡಿಸುವುದಿಲ್ಲ ಅಂತ. ಅಮೆರಿಕದ ಓಕ್ ಬೇಡ ಅನ್ನುತ್ತಿದ್ದರು, ಕಾರಣ ಅದೇ ಕೊಬ್ಬರಿ. ಆಗ ತಪ್ಪು ಅನ್ನಿಸಿಕೊಂಡ ರುಚಿಗೆ ಈಗ ಲೇಬಲ್ ಮೇಲೆ ಜಾಗ ಸಿಕ್ಕಿದೆ.

ಇಂಡಿಯಾ ಹೆಸರಿನ ಕಥೆಯೂ ಸಾಗಾಣಿಕೆಯದೇ. ಪೂರ್ವ ಲಂಡನ್ನಿನಲ್ಲಿ ಹಾಡ್ಜ್‌ಸನ್ ಕುಟುಂಬದ ಬೋ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಕಟ್ಟೆ ಹತ್ತಿರವೇ. ಹಡಗಿನ ಕ್ಯಾಪ್ಟನ್‌ಗಳಿಗೆ ಹಾಡ್ಜ್‌ಸನ್ ಸಾಲದ ಮೇಲೆ ಬಿಯರ್ ಕೊಡುತ್ತಿದ್ದರು, ಹದಿನೆಂಟು ತಿಂಗಳವರೆಗೂ ಹಣ ಕೇಳುತ್ತಿರಲಿಲ್ಲ. ಕ್ಯಾಪ್ಟನ್ ಇಲ್ಲಿ ಬಂದು ಮಾರಿ, ವಾಪಸು ಹೋಗಿ ಸಾಲ ತೀರಿಸುತ್ತಿದ್ದ. ಸೂಯೆಜ್ ಕಾಲುವೆ ಆಗಿದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಪ್ರಯಾಣ, ಭೂಮಧ್ಯರೇಖೆ ಎರಡು ಸಲ ದಾಟಬೇಕು. ಆ ಸೆಕೆಯಲ್ಲಿ ಬಿಯರ್ ಹುಳಿಯಾಗದೆ ಇರಲು ಹಾಪ್ಸ್ ಜಾಸ್ತಿ ಬೇಕು. ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಹಾಕಿದ ಹಾಗೆ. ಹಡಗಿನ ಹೊಟ್ಟೆಯಲ್ಲಿ ಕುಲುಕಾಡಿ, ಬಿಸಿಯಾಗಿ, ತಣ್ಣಗಾಗಿ ಬಂದ ಆ ಬಿಯರು ಇಲ್ಲಿ ತಲುಪುವ ಹೊತ್ತಿಗೆ ಹಣ್ಣಾಗಿ ರುಚಿಗಟ್ಟಿರುತ್ತಿತ್ತು.

1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್, ಬಾಸ್ ಕಂಪನಿಗಳು ಈ ವ್ಯಾಪಾರಕ್ಕೆ ಇಳಿದವು. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಂ ಜಾಸ್ತಿ, ಅದು ಹಾಪ್ಸ್ ಕಹಿಯನ್ನು ಚುರುಕು ಮಾಡುತ್ತದೆ. ಹೊಲಕ್ಕೆ ಹಾಕುವ ಅದೇ ಜಿಪ್ಸಂ. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಪತ್ರಿಕೆಗಳ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು 1830ರ ಆಸುಪಾಸು. ಕುಡಿಯುತ್ತಿದ್ದವರು ಹೆಚ್ಚಾಗಿ ಕಂಪನಿಯ ಅಧಿಕಾರಿಗಳು, ಸಾಹುಕಾರರು. ಬಿಳಿ ಸಿಪಾಯಿಗಳಿಗೆ ಪೋರ್ಟರ್ ಎಂಬ ಕಪ್ಪು ಬಿಯರ್ ಸಿಗುತ್ತಿತ್ತು. ನಮ್ಮ ಮುತ್ತಾತಂದಿರಿಗೆ ಇದರಲ್ಲಿ ಪಾಲು ಇದ್ದರೆ ಬಂದರಿನಲ್ಲಿ ಪೀಪಾಯಿ ಹೊತ್ತ ಕೂಲಿಯ ಪಾಲು ಮಾತ್ರ. ಒಂದು ಹಾಗ್ಸ್‌ಹೆಡ್ ಪೀಪಾಯಿ ಹಿಡಿಯುತ್ತಿದ್ದುದು ಸುಮಾರು 245 ಲೀಟರು.

ಹಾಗಾದರೆ ಓಕ್ ರುಚಿಯ ಈ ಹೊಸ ಬಿಯರು ಎಲ್ಲಿ ಹುಟ್ಟಿತು? ಇನಿಸ್ ಅಂಡ್ ಗನ್‌ನವರದೇ ಕಥೆ ಇದೆ. ಸ್ಕಾಟ್ಲೆಂಡಿನ ಒಂದು ವಿಸ್ಕಿ ಕಂಪನಿಗೆ ಬಿಯರಿನ ವಾಸನೆ ಹಿಡಿದ ಪೀಪಾಯಿ ಬೇಕಿತ್ತು. ಅದಕ್ಕೆ ಪೀಪಾಯಿಗೆ ಬಿಯರ್ ತುಂಬಿಸಿ, ಕೆಲವು ವಾರ ಬಿಟ್ಟು, ಬಿಯರನ್ನು ಚೆಲ್ಲುತ್ತಿದ್ದರು. ಚೆಲ್ಲುವ ಬಿಯರನ್ನು ಕೆಲಸಗಾರರು ಕುಡಿದು ನೋಡಿದರು, ಚೆನ್ನಾಗಿತ್ತು. 2003ರಲ್ಲಿ ಅದೇ ಒಂದು ಕಂಪನಿಯಾಯಿತು. ಇದರಲ್ಲಿ ನಮ್ಮ ತಕರಾರಿಲ್ಲ. ಗಂಜಿ ಬಸಿದ ನೀರಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿದ ಜನ ನಾವು, ಚೆಲ್ಲುವುದರಲ್ಲಿ ರುಚಿ ಹುಡುಕುವುದು ನಮಗೆ ಹೊಸದಲ್ಲ.

ನಮ್ಮ ತಕರಾರು ಬೇರೆ ಕಡೆ ಇದೆ.

ಓಕ್ ಪೀಪಾಯಿ ಕರ್ನಾಟಕದಲ್ಲೂ ಇದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರುಕಟ್ಟೆಗೆ ಬಿಟ್ಟಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇಕಡಾ 10ರಿಂದ 12 ಹೋಗುತ್ತದೆ. ಓಕ್ ಎಂದರೆ ಹೀಗೆ ಕಾಯುವುದು, ಕಳೆದುಕೊಳ್ಳುವುದು, ಅದಕ್ಕೆ ತಕ್ಕ ಬೆಲೆ ಕೇಳುವುದು. ಪೀಪಾಯಿಗೆ ಇಳಿಸುವಾಗ ನೀರಿನಷ್ಟು ತಿಳಿಯಾಗಿದ್ದ ದ್ರವಕ್ಕೆ ಕಂದು ಬಣ್ಣ ಬರುವುದೂ ಆ ಮರದಿಂದಲೇ.

ಈಗ ನಮ್ಮ ಊರಿನ ವೈನ್ ಶಾಪಿನ 90 ಎಂ.ಎಲ್. ಪ್ಯಾಕೆಟ್ ತಗೊಳ್ಳಿ. ವಿಸ್ಕಿ ಅಂತ ಹೆಸರು, ಕಂದು ಬಣ್ಣ. ಆ ಬಣ್ಣ ಎಲ್ಲಿಂದ ಬಂತು? ಇಂಥ ಅಗ್ಗದ ವಿಸ್ಕಿಯಲ್ಲಿ ಬಹುಪಾಲು, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ಬಟ್ಟಿ ಇಳಿಸಿದ ಸ್ಪಿರಿಟ್‌ಗೆ ನೀರು ಬೆರೆಸಿ, ವಾಸನೆ ಸೇರಿಸಿ, ಸುಟ್ಟ ಸಕ್ಕರೆಯ ಬಣ್ಣ ಕಟ್ಟಿದ್ದು. ಕ್ಯಾರಮೆಲ್ ಅಂತಾರೆ. ಓಕ್ ಪೀಪಾಯಿಯನ್ನು ಅದು ಕಂಡಿಲ್ಲ, ಕಂಡ ಹಾಗೆ ವೇಷ ಹಾಕಿಕೊಂಡಿದೆ. ಯುರೋಪಿನಲ್ಲಾದರೆ ಕಾಕಂಬಿಯ ಮದ್ಯವನ್ನು ವಿಸ್ಕಿ ಅಂತ ಮಾರುವಂತಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಮರದ ಪೀಪಾಯಿಯಲ್ಲಿ ಕಡಿಮೆ ಎಂದರೂ ಮೂರು ವರ್ಷ ಇರಬೇಕು.

ಬಣ್ಣದಿಂದ ಜೀವ ಹೋಗುತ್ತದೆ ಅಂತ ನಾವು ಹೇಳುತ್ತಿಲ್ಲ. ಅದು ಅನುಮತಿ ಇರುವ ಬಣ್ಣವೇ. ಮನೆ ಹಾಳು ಮಾಡುವುದು ಒಳಗಿನ ಆಲ್ಕೋಹಾಲು, ಅದು ಬಡವನ ಪ್ಯಾಕೆಟ್‌ನಲ್ಲೂ ಒಂದೇ, ಸಾಹುಕಾರನ ಬಾಟಲಿಯಲ್ಲೂ ಒಂದೇ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟದ್ದು ಸುಮ್ಮನೆ ಅಲ್ಲ. ಆಮೇಲೆ ಅದೇ ಜಾಗಕ್ಕೆ ಕಂದು ಬಣ್ಣದ ಈ ಪ್ಯಾಕೆಟ್ ಬಂದು ಕೂತಿತು. ಸಾರಾಯಿಗೆ ತಾನು ಸಾರಾಯಿ ಅಂತ ಹೇಳಿಕೊಳ್ಳುವ ಮರ್ಯಾದೆಯಾದರೂ ಇತ್ತು.

ಎರಡು ಬಾಟಲಿ ಬಿಯರಿನ ಮೇಲೆ ನಾವು ಇಷ್ಟು ಮಾತಾಡಿದೆವು. ಯಾವ ಧಾನ್ಯ, ಯಾವ ಮರ, ಯಾವ ನೀರು ಎಂದು ಕೇಳುವಷ್ಟು ವಿಷಯ ಅದರ ಬಗ್ಗೆ ಸಿಗುತ್ತದೆ. ನಮ್ಮಲ್ಲಿ ಮದ್ಯದ ಬಗ್ಗೆ ಇರುವುದು ಎರಡೇ ಮಾತು: ಕುಡಿಯಬೇಡ ಅನ್ನುವುದು, ಇನ್ನೊಂದು ಹಾಕು ಅನ್ನುವುದು. ಜಿಲ್ಲಾ ಪುಟದಲ್ಲಿ ಅದು ಸುದ್ದಿಯಾಗುವುದು ಅಬಕಾರಿ ದಾಳಿ ಆದಾಗ, ಇಲ್ಲವೇ ಬೈಕ್ ಮರಕ್ಕೆ ಗುದ್ದಿದಾಗ. ಒಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ನಿಂತಲ್ಲೇ ಹಲ್ಲಲ್ಲಿ ಮೂಲೆ ಕಚ್ಚಿ, ಒಂದೇ ಗುಟುಕಿಗೆ ಇಳಿಸಿ, ಮುಖ ಕಿವುಚಿ ನಡೆಯುವವನಿಗೆ ರುಚಿ ನೋಡಲು ಪುರುಸೊತ್ತೇ ಇಲ್ಲ. ಪ್ಯಾಕೆಟ್ ತಯಾರಿಸುವವರಿಗೆ ಬೇಕಾಗಿರುವುದೂ ಅದೇ ಅಂತ ನಮ್ಮ ಅನುಮಾನ.

ಕುಡಿತ ಬಿಡಿಸುವುದು ಒಂದು ಲೇಖನದಿಂದ ಆಗುವ ಕೆಲಸವಲ್ಲ. ನಾವು ಕೇಳುವುದು ಸಣ್ಣದು. ಕಾಕಂಬಿಯದ್ದಾದರೆ ಕಾಕಂಬಿಯದು ಅಂತ, ಬಣ್ಣ ಕಟ್ಟಿದ್ದಾದರೆ ಬಣ್ಣ ಕಟ್ಟಿದ್ದು ಅಂತ, ಪೀಪಾಯಿಯಲ್ಲಿ ಒಂದು ದಿನವೂ ಇಡದಿದ್ದರೆ ಇಟ್ಟಿಲ್ಲ ಅಂತ ಪ್ಯಾಕೆಟ್ ಮುಂಭಾಗದಲ್ಲೇ ಬರೆಯಬೇಕು. ಕನ್ನಡದಲ್ಲಿ, ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಈಗ ಎಷ್ಟೋ ಪ್ಯಾಕೆಟ್‌ಗಳಲ್ಲಿ ಈ ವಿಷಯ ಇರುವುದು ಬೂತಗನ್ನಡಿ ಬೇಕಾಗುವಷ್ಟು ಸಣ್ಣ ಇಂಗ್ಲಿಷಿನಲ್ಲಿ.

ಊರ ಅಂಗಡಿಯ ಹಿಂದೆ ಖಾಲಿ ಪ್ಯಾಕೆಟ್ ಬೇಕಾದಷ್ಟು ಬಿದ್ದಿರುತ್ತವೆ. ಒಂದನ್ನು ತೆಗೆದುಕೊಂಡು, ಹಿಂಭಾಗದ ಸಣ್ಣಕ್ಷರ ಕಾಣುವ ಹಾಗೆ ಫೋನಿನಲ್ಲಿ ಫೋಟೋ ತೆಗೆದು ನಮಗೆ ಕಳಿಸಿ. ಕನ್ನಡದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅಂತ ಬ್ರಾಂಡು ಬ್ರಾಂಡಿಗೆ ಪಟ್ಟಿ ಮಾಡಿ ಮುಂದಿನ ತಿಂಗಳು ಹಾಕುತ್ತೇವೆ.