ಸಂಗೀತದ ಮಾಸ್ತರರಿಗೆ ಅರೆಹೊತ್ತಿನ ಅನ್ನವೇ?

ಬಡವರ ಮನೆಯ ಹುಡುಗನೋ ಹುಡುಗಿಯೋ ಸಂಗೀತ ಕಲಿತು ಶಾಲೆಯಲ್ಲಿ ಕಲಿಸಬೇಕೆಂಬ ಆಸೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರೆ ನಮ್ಮ ಸರಕಾರ ಎರಡನ್ನು ಧಾರಾಳವಾಗಿ ಕೊಡುತ್ತದೆ: ಒಂದು ಪದವಿಪತ್ರ, ಘಟಿಕೋತ್ಸವದ ದಿನ ಒಂದು ಭಾಷಣ. ಹುದ್ದೆಯನ್ನು ಮಾತ್ರ ಕೇಳಬಾರದು! ನಾಡು, ನುಡಿ, ಪರಂಪರೆ ಎಂದು ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವ ಮಂತ್ರಿ ಮಹೋದಯರನ್ನು ನಾವು ನೇರವಾಗಿ ಕೇಳುತ್ತೇವೆ: ನೀವು ತಯಾರು ಮಾಡಿದ ಸಂಗೀತದ ಮಾಸ್ತರ ಎಲ್ಲಿ ಕಲಿಸಬೇಕು? ಯಾರಿಗೆ ಕಲಿಸಬೇಕು? ಏನು ಉಣ್ಣಬೇಕು?

ಲೆಕ್ಕ ನೋಡೋಣ. ಪದವಿಗೆ ಮೂರು ವರ್ಷ, ಸ್ನಾತಕೋತ್ತರ ಪದವಿಗೆ ಇನ್ನೆರಡು. ಈ ಐದು ವರ್ಷವೂ ಓರಗೆಯವರು ಗಿರಣಿಯಲ್ಲೋ ಅಂಗಡಿಯಲ್ಲೋ ದುಡಿದು ನಾಲ್ಕು ಕಾಸು ಮನೆಗೆ ತರುತ್ತಿರುತ್ತಾರೆ. ಇವನು ನಸುಕಿನಲ್ಲೆದ್ದು ಷಡ್ಜ ಹಿಡಿದು ಕೂರಬೇಕು, ಫೀ ಕಟ್ಟಬೇಕು, ಪೇಟಿಯೋ ತಂಬೂರಿಯೋ ಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ಶಾಲೆಯ ಬಾಗಿಲಿಗೆ ಬಂದರೆ ಅಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ. ಆರರಿಂದ ಎಂಟನೆಯ ತರಗತಿಗೆ ಕಲಿಸುವವರ ಪತ್ರಿಕೆಯಲ್ಲಿ ಮಕ್ಕಳ ಮನೋವಿಕಾಸ, ಎರಡು ಭಾಷೆ, ಮೇಲೆ ಗಣಿತ ವಿಜ್ಞಾನ ಇಲ್ಲವೆ ಸಮಾಜ ಪಾಠ. ಸ್ವರಕ್ಕೂ ತಾಳಕ್ಕೂ ಅಲ್ಲಿ ಒಂದು ಅಂಕವೂ ಇಲ್ಲ. ಐದು ವರ್ಷ ಕಲಿತದ್ದನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಾ ಎಂದಂತಾಯಿತು!

ಕಾನೂನಾದರೂ ಇವರ ಕಡೆಗಿದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಬಿಡಿಸಿ ನೋಡಿ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಬೋಧಕರಿರಬೇಕು. ಆದರೆ ಅವರು ಅರೆಕಾಲಿಕರು. ಅದೇ ಅನುಸೂಚಿ ಮುಖ್ಯೋಪಾಧ್ಯಾಯರಿಗೆ ಪೂರ್ಣಾವಧಿ ಎಂದು ಬರೆದಿದೆ. ನೂರು ಮಕ್ಕಳು ತುಂಬದ ಶಾಲೆಗೆ ಈ ಅರೆಹೊತ್ತಿನ ಬೋಧಕನೂ ಇಲ್ಲ. ಗಿರಣಿಯ ಬಾಗಿಲಲ್ಲಿ ಬದಲಿ ಕಾರ್ಮಿಕನನ್ನು ಬೆಳಗಾದರೆ ನಿಲ್ಲಿಸಿಕೊಂಡು, ಬೇಕಾದ ದಿನ ಒಳಗೆ ಕರೆದು, ಬೇಡವಾದ ದಿನ ಮನೆಗೆ ಅಟ್ಟಿದ ಧಣಿಯನ್ನು ನಾವು ಬಲ್ಲೆವು. ಈಗ ಸರಕಾರವೇ ಸಂಗೀತದ ಮಾಸ್ತರನನ್ನು ಬದಲಿಯಾಗಿ ನಿಲ್ಲಿಸಿದೆ. ಕಾಲೇಜಿನಲ್ಲಿ ಇದೇ ಬದಲಿಗೆ 'ಅತಿಥಿ' ಎಂಬ ಗೌರವದ ಹೆಸರು. ಆ ಅತಿಥಿಗಳು 2023ರ ಕೊನೆಯಲ್ಲಿ ತರಗತಿ ಬಿಟ್ಟು, ಕಾಯಂ ಮಾಡಿ ಎಂದು ಬೀದಿಗಿಳಿಯಬೇಕಾಯಿತು.

ಹಣವಿಲ್ಲ ಎನ್ನುತ್ತೀರಾ? ಹಾಗಾದರೆ ಕೇಂದ್ರ ಸರಕಾರದ ನೌಕರರ ಮಕ್ಕಳಿಗೆ ಮೊದಲ ಆದ್ಯತೆಯಿರುವ ಕೇಂದ್ರೀಯ ವಿದ್ಯಾಲಯಗಳನ್ನು ನೋಡಿ. 2022ರ ಡಿಸೆಂಬರಿನಲ್ಲಿ ಅಲ್ಲಿ ಪ್ರಾಥಮಿಕ ಸಂಗೀತ ಶಿಕ್ಷಕರ 303 ಹುದ್ದೆಗಳಿಗೆ ಅರ್ಜಿ ಕರೆದರು. ಸಂಗೀತದ ಪದವಿಯನ್ನೇ ಅರ್ಹತೆಯೆಂದು ಒಪ್ಪಿದರು. ನವೋದಯ ವಿದ್ಯಾಲಯಗಳಲ್ಲಿಯೂ ಸಂಗೀತ ಶಿಕ್ಷಕರ ಹುದ್ದೆಯುಂಟು. ಅಧಿಕಾರಿಯ ಮಗುವಿಗೆ ಬೇಕಾದ ಸರಿಗಮ ಹಮಾಲನ ಮಗುವಿಗೆ ಬೇಡವೇ? ಇದು ಯಾವ ನ್ಯಾಯ?

'ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಸಂಗೀತವೇಕೆ?' ಎಂದು ಕೆಲವರು ಕೇಳುತ್ತಾರೆ. ನಮ್ಮ ಮಿತ್ರರಲ್ಲಿಯೂ ಹೀಗೆ ಕೇಳುವವರಿದ್ದಾರೆ. ನಮ್ಮ ಓಣಿಗಳನ್ನು ಅರಿಯದ ಮಾತಿದು. ಭಜನೆಯ ಮೇಳ, ಮೊಹರಮ್ಮಿನ ರಿವಾಯತ್ ಪದ, ಬೀಸುವಕಲ್ಲಿನ ಹಾಡು, ಕಂಪನಿ ನಾಟಕದ ಪೇಟಿ ಮಾಸ್ತರ, ಇವು ಯಾವುವೂ ಶ್ರೀಮಂತರ ಮಹಡಿಯಿಂದ ಇಳಿದು ಬಂದವಲ್ಲ. ಬಡವನಿಗೆ ಹಾಡು ಎಂದೂ ಕಡಿಮೆಯಾಗಿರಲಿಲ್ಲ. ಕ್ರಮವಾಗಿ ಕಲಿಯುವ ಹಕ್ಕು, ಕಲಿಸಿ ಬದುಕುವ ಸಂಬಳ, ಇವೆರಡೇ ಅವನಿಗೆ ಸಿಗದೆ ಹೋದವು.

ಇನ್ನೊಂದು ವಾದ ಪಂಡಿತರದು. 'ಗಂಗೂಬಾಯಿ ಹಾನಗಲ್ಲರು ಐದನೆಯ ಇಯತ್ತೆಯಾಚೆ ಓದಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು ನಾಟಕ ಕಂಪನಿಯಿಂದ ಬಂದರು. ಅವರಿಗೆ ಯಾವ ವಿಶ್ವವಿದ್ಯಾಲಯ ಪದವಿ ಕೊಟ್ಟು ಹಾಡು ಕಲಿಸಿತು?' ಎನ್ನುತ್ತಾರೆ. ನಿಜ. ಆದರೆ ಅವರು ಹತ್ತಿದ್ದು ಏಣಿಯಿಲ್ಲದ ಗೋಡೆಯನ್ನು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಊಟದ ಹೊತ್ತಿನಲ್ಲಿ ಜಾತಿಯ ಕಾರಣ ತನ್ನನ್ನು ಬೇರೆ ಕೂರಿಸುವರೇನೋ ಎಂಬ ಅಂಜಿಕೆ ಇತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಬ್ಬ ಗಂಗೂಬಾಯಿ ಗೋಡೆ ಹತ್ತಿದರು. ಹತ್ತಲಾರದೆ ಕೆಳಗೇ ಉಳಿದವರನ್ನು ಎಣಿಸಿದವರು ಯಾರು? 2009ರ ಕಾಯ್ದೆಯಿಂದ ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಆಯಿತು. ಹೆಸರು ಅವರದು, ಅಲ್ಲಿ ಓದಿ ಬಂದವರ ಗತಿ ಮಾತ್ರ ಹೀಗೆ.

ಇಷ್ಟಕ್ಕೂ ಕಚೇರಿ ಮಾಡುವ ಗವಾಯಿ ಬೇರೆ, ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಮಾಸ್ತರ ಬೇರೆ. ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಯಾವ ಶ್ರುತಿ ಇಡಬೇಕು, ಶ್ರುತಿ ಸೇರದ ಮಗುವನ್ನು ನಗೆಗೀಡು ಮಾಡದೆ ಹೇಗೆ ತಿದ್ದಬೇಕು, ಒಂದೇ ಪೇಟಿಯಲ್ಲಿ ಇಡೀ ತರಗತಿಯನ್ನು ಹೇಗೆ ನಡೆಸಬೇಕು, ಇವನ್ನು ಕಲಿಯಲಿಕ್ಕೆ ತರಬೇತು ಬೇಕು. ಮನೆತನದ ಗುಟ್ಟಾಗಿ, ಅರಮನೆಯ ಸೊತ್ತಾಗಿ ಇದ್ದ ವಿದ್ಯೆಯನ್ನು ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು ಸಾರ್ವಜನಿಕರ ಹಣದಿಂದ ಸಾರ್ವಜನಿಕರಿಗೆ ಕೊಟ್ಟರು. ಪಠ್ಯ ಅಚ್ಚು ಹಾಕಿಸಿದರು, ಊರೂರಿಗೆ ಹೋಗಿ ಕಲಿಸುವ ಮಾಸ್ತರರನ್ನು ಅಲ್ಲಿಯೇ ತಯಾರಿಸಿದರು. ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬ ಗಾಯಕನಿಗೆ ತಿಳಿದದ್ದು ನಮ್ಮ ಶಿಕ್ಷಣ ಇಲಾಖೆಗೆ ಇಂದಿಗೂ ತಿಳಿಯದೇ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಮಾತು ಮುಗಿಯದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧರಿಗೆ, ಬಡವರಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಆ ಅನ್ನ ಎಲ್ಲಿಂದ ಬಂತು? ಜನ ಕೊಟ್ಟ ಕಾಳಿನಿಂದ, ಕಾಸಿನಿಂದ. ಆ ದಾನಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಜನರ ಔದಾರ್ಯದ ಮರೆಯಲ್ಲಿ ಸರಕಾರ ತನ್ನ ಸಾಲವನ್ನು ಅಡಗಿಸಿಡುವುದನ್ನು ನಾವು ಒಪ್ಪುವುದಿಲ್ಲ. ದಾನ ಕೊಟ್ಟವನ ಮರ್ಜಿ; ಸಂಬಳ ದುಡಿದವನ ಹಕ್ಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದನೆಯದಾಗಿ, ಪ್ರತಿಯೊಂದು ಸರಕಾರಿ ಪ್ರೌಢಶಾಲೆಗೂ, ಪ್ರಾಥಮಿಕ ಶಾಲೆಗಳ ಪ್ರತಿ ಕ್ಲಸ್ಟರಿಗೂ ಒಬ್ಬ ಪೂರ್ಣಾವಧಿ ಸಂಗೀತ ಶಿಕ್ಷಕ ಬೇಕು. ಎರಡನೆಯದಾಗಿ, ಅರ್ಹತಾ ಪರೀಕ್ಷೆಯಲ್ಲಿ ಸಂಗೀತಕ್ಕೆ ಪ್ರತ್ಯೇಕ ಪತ್ರಿಕೆ ಬೇಕು. ಮೂರನೆಯದಾಗಿ, ಸಂಗೀತ ಪದವಿಯಲ್ಲಿ ಶಾಲಾಬೋಧನೆಯ ಅಭ್ಯಾಸ ಕಡ್ಡಾಯವಾಗಬೇಕು. ನಾಲ್ಕನೆಯದಾಗಿ, ಬಡ ವಿದ್ಯಾರ್ಥಿಗೆ ಓದು ಮುಗಿಯುವ ತನಕ ವಾದ್ಯವನ್ನು ಕಾಲೇಜೇ ಎರವಲು ಕೊಡಬೇಕು.

ಗಿರಣಿ ಯೂನಿಯನ್ನಿನ ಬಂಧುಗಳೇ, ಸಂತೆಯ ವ್ಯಾಪಾರಿ ಮಿತ್ರರೇ! ನಿಮ್ಮ ಮಕ್ಕಳ ಶಾಲೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿದಾಗ 'ನಮ್ಮ ಸಂಗೀತದ ಮಾಸ್ತರ ಎಲ್ಲಿ?' ಎಂದು ಎದ್ದು ನಿಂತು ಕೇಳಿ. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಆ ಠರಾವಿನ ಪ್ರತಿಯನ್ನು ಶಾಸಕರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಓಟು ಕೇಳಲು ಬಂದ ದಿನ ಆ ರಸೀದಿಯನ್ನು ಅವರ ಮುಂದೆ ಹಿಡಿಯಿರಿ.